ಹಿರಿಯರ ಮುಂದೆ ಆರುವ ಬೀಡಿ

ಬಾಂದ್ರಾ ಪೂರ್ವದ ಖೇರವಾಡಿಯ ಚಾಳಿನಲ್ಲಿ ನಮ್ಮೂರ ಕಡೆಯವರೊಬ್ಬರ ಖೋಲಿ ಇತ್ತು. ಕುಂದಾಪುರದ ಹತ್ತಿರದ ಹಳ್ಳಿಯಿಂದ ಹದಿನಾಲ್ಕರ ಹರೆಯದಲ್ಲಿ ಮುಂಬೈಗೆ ಬಂದವರು. ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದು, ಮಾಣಿಯಾಗಿ, ಕೊನೆಗೆ ಧಣಿಗಳು ಗಲ್ಲೆಯ ಮೇಲೆ ಕೂರಿಸುವಷ್ಟು ನಂಬಿಕೆ ಗಳಿಸಿದವರು. 2006ರ ಮಳೆಗಾಲದಲ್ಲಿ, ಊರಿನಿಂದ ಬಂದಿದ್ದ ನನ್ನ ಅಪ್ಪನನ್ನು ಕರೆದುಕೊಂಡು ಅವರ ಮನೆಗೆ ಹೋಗಿದ್ದೆ. ಹತ್ತಡಿಗೆ ಹನ್ನೆರಡಡಿಯ ಒಂದೇ ಕೋಣೆ. ಮೂಲೆಯಲ್ಲಿ ಮೋರಿ, ಅದರ ಪಕ್ಕ ಸ್ಟೌ, ಮೇಲೆ ಹಲಗೆ ಹೊಡೆದು ಮಾಡಿದ ಮಾಳಿಗೆ. ಬಾಗಿಲಲ್ಲಿ ಅಪ್ಪನನ್ನು ಕಂಡದ್ದೇ ಅವರು ಸೇದುತ್ತಿದ್ದ ಬೀಡಿಯನ್ನು ಕಿಟಕಿಯ ಸರಳಿಗೆ ಒತ್ತಿ ಆರಿಸಿದರು. ಕೈಬೀಸಿ ಹೊಗೆ ಚದುರಿಸುತ್ತ, ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗನ ಹಾಗೆ ಎದ್ದು ನಿಂತರು. "ಬನ್ನಿ ಮಾರಾಯ್ರೆ, ಒಳಗೆ ಬನ್ನಿ." ಅದೇ ಕಿಟಕಿಯ ಕೆಳಗೆ ಚಾಪೆಯ ಮೇಲೆ ಅವರ ಮೂರು ವರ್ಷದ ಮಗಳು ಮಲಗಿದ್ದಳು. ಒಂದೊಂದು ಉಸಿರಿಗೂ ಎದೆಯೊಳಗಿಂದ ಸಣ್ಣ ಸೀಟಿಯ ಸದ್ದು. "ಕಫ ಕಟ್ಟಿದೆ, ಮಳೆ ಅಲ್ವಾ" ಎಂದರು ಅವಳ ತಾಯಿ.

ಆ ಹೊತ್ತಿಗೆ ನನಗೆ ಅದರಲ್ಲಿ ಹೊಸತೇನೂ ಕಾಣಲಿಲ್ಲ. ಹಿರಿಯರ ಎದುರು ಬೀಡಿ ಸೇದಬಾರದು ಎನ್ನುವುದು ನಮ್ಮ ಕಡೆ ಎಲ್ಲ ಮನೆಗಳ ಮರ್ಯಾದೆ. ಐವತ್ತು ದಾಟಿದ ಮಗನೂ ಜಗಲಿಯಲ್ಲಿ ಅಪ್ಪನ ಕೆಮ್ಮು ಕೇಳಿದರೆ ಬೀಡಿಯನ್ನು ಅಂಗೈಯೊಳಗೆ ಮುಚ್ಚಿಕೊಳ್ಳುತ್ತಾನೆ. ಮಾವ ಬಂದರೆ ಹಿತ್ತಿಲ ಕಡೆ ನಡೆಯುತ್ತಾನೆ. ಈ ಮರ್ಯಾದೆ ಕೆಳಗಿನಿಂದ ಮೇಲಕ್ಕೆ ಮಾತ್ರ ಸಲ್ಲುತ್ತದೆ ಎಂಬುದು ಹೊಳೆಯಲು ನನಗೆ ವರ್ಷಗಳೇ ಹಿಡಿದವು. ಎಪ್ಪತ್ತರ ಮುದುಕರೆದುರು ಆರುವ ಬೀಡಿ ಮೂರರ ಮಗುವಿನೆದುರು ಆರುವುದಿಲ್ಲ. ಮುದುಕರ ಶ್ವಾಸಕೋಶ ಬೆಳೆದು ಮುಗಿದದ್ದು, ಮಗುವಿನದು ಇನ್ನೂ ಕಟ್ಟಿಕೊಳ್ಳುತ್ತಿರುವುದು. ಹೊಗೆಯಿಂದ ಯಾರನ್ನು ಮೊದಲು ದೂರ ಇಡಬೇಕಿತ್ತೋ ಅವರೇ ನಮ್ಮ ಮರ್ಯಾದೆಯ ಲೆಕ್ಕದಲ್ಲಿ ಇರಲಿಲ್ಲ.

ಸರ್ಕಾರದ ಕಾನೂನು ಈ ಕೊರತೆಯನ್ನು ತುಂಬಿಕೊಟ್ಟಿದೆಯೇ? ಅರ್ಧ ತುಂಬಿದೆ ಎಂದು ನಾನು ತಿಳಿದಿದ್ದೇನೆ. ಉಳಿದರ್ಧವನ್ನು ತುಂಬಲು ಪೊಲೀಸರನ್ನು ಮನೆಯೊಳಗೆ ಕಳಿಸಬೇಕಾಗಿಲ್ಲ ಎಂಬುದೂ, ಅದರ ಬಾಗಿಲು ಬೇರೆಲ್ಲೋ ಇದೆ ಎಂಬುದೂ ಈ ಲೇಖನದ ವಾದ.

ಈ ಕಾನೂನಿನ ಕಥೆಗೆ ಮುಂಬೈ ನಂಟು ಇದೆ. ಒಂದು ಕಾಲಕ್ಕೆ ಈ ನಗರದ ಮೇಯರ್ ಆಗಿದ್ದ, ಮುಂದೆ ದಕ್ಷಿಣ ಮುಂಬೈಯ ಸಂಸದರಾದ ಮುರಳಿ ದೇವೋರಾ, ಸೇದದವನೂ ಸೇದುವವನ ಹೊಗೆಗೆ ಬಲಿಯಾಗಬೇಕೇ ಎಂದು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 2001ರ ನವೆಂಬರ್ 2ರಂದು ಕೋರ್ಟು ಆಸ್ಪತ್ರೆ, ಶಾಲೆ, ಗ್ರಂಥಾಲಯ, ನ್ಯಾಯಾಲಯ, ಸಭಾಂಗಣ, ಬಸ್ಸು, ರೈಲುಗಳಲ್ಲಿ ಧೂಮಪಾನವನ್ನು ತಡೆಯಲು ಆದೇಶಿಸಿತು. ಅದಕ್ಕೆ ಎರಡು ವರ್ಷ ಮೊದಲೇ, 1999ರಲ್ಲಿ, ಕೇರಳ ಹೈಕೋರ್ಟು ಆ ರಾಜ್ಯದ ಮಟ್ಟಿಗೆ ಇಂಥದ್ದೇ ತೀರ್ಪು ಕೊಟ್ಟಿತ್ತು. ಸಂಸತ್ತು 2003ರಲ್ಲಿ ತಂಬಾಕು ಕಾಯ್ದೆಯನ್ನು ಮಾಡಿತು. ಎಲ್ಲರೂ ಕೋಟ್ಪಾ ಎಂದು ಕರೆಯುವುದು ಇದನ್ನೇ. 2008ರ ಅಕ್ಟೋಬರ್ 2ರಿಂದ ಅದರ ಧೂಮಪಾನ ನಿಯಮಗಳು ಬಿಗಿಯಾದವು. ಹೋಟೆಲು ಉದ್ಯಮ ಮತ್ತು ಸಿಗರೇಟು ಉದ್ಯಮದ ಕಡೆಯವರು ತಡೆಯಾಜ್ಞೆ ಕೇಳಿದಾಗ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಅಲ್ಲಿಂದ ಹೋಟೆಲು, ಕಚೇರಿ, ಕಾರ್ಖಾನೆಗಳಲ್ಲಿ ಸೇದಿದವನಷ್ಟೇ ಅಲ್ಲ, ಸೇದಲು ಬಿಟ್ಟ ಮಾಲೀಕನೂ ತಪ್ಪಿತಸ್ಥನಾದ. ಬಾಗಿಲಲ್ಲಿ ಫಲಕ ಹಾಕಬೇಕು, ಮೇಜಿನ ಮೇಲೆ ಬೂದಿಬಟ್ಟಲು ಇಡಬಾರದು, ಬೆಂಕಿಪೊಟ್ಟಣ ಕೊಡಬಾರದು.

ಆದರೆ ಕಾಯ್ದೆಯ ಕಣ್ಣು ನೆಟ್ಟಿರುವುದು ಜಾಗದ ಮೇಲೆ. ಸಾರ್ವಜನಿಕರು ಬಂದುಹೋಗುವ ಜಾಗವಾದರೆ ಅದು ನೋಡುತ್ತದೆ, ಬಯಲಾದರೆ ಬಿಟ್ಟುಬಿಡುತ್ತದೆ, ಮನೆಯ ಹೊಸ್ತಿಲಲ್ಲಿ ನಿಂತುಬಿಡುತ್ತದೆ. ಮಗುವಿನ ವಯಸ್ಸು ಬರುವುದು ಮಾರಾಟದ ಕಲಮಿನಲ್ಲಿ: 18 ತುಂಬದವರಿಗೆ ಮಾರಬಾರದು, ಶಾಲೆ ಕಾಲೇಜುಗಳ ಸುತ್ತ 100 ಗಜದೊಳಗೆ ಮಾರಬಾರದು. ಬಾಂದ್ರಾದ ಹಿಲ್ ರಸ್ತೆಯಲ್ಲಿ 1863ರಷ್ಟು ಹಿಂದೆ ಶುರುವಾದ ಸೇಂಟ್ ಸ್ಟ್ಯಾನಿಸ್ಲಾಸ್‌ನಿಂದ ಹಿಡಿದು ಹಲವು ಶಾಲೆಗಳು ಕೂಗಳತೆಯಲ್ಲಿವೆ. ಅಲ್ಲಿ 100 ಗಜದ ನಿಯಮವನ್ನು ಅಳೆದು ಪಾಲಿಸಿದರೆ ಆ ರಸ್ತೆಯ ಬಹುಪಾಲು ತಂಬಾಕಿನಿಂದ ಮುಕ್ತವಾಗಬೇಕು. ಇದು ಒಳ್ಳೆಯ ನಿಯಮ. ಮಗುವಿನ ಕೈಗೆ ಸಿಗರೇಟು ಹೋಗದಂತೆ ಅದು ತಡೆಯಬಲ್ಲದು. ಆದರೆ ಮಗುವಿನ ಮೂಗಿಗೆ ಹೊಗೆ ಹೋಗುವುದು ಶಾಲೆಯ ಗೇಟಿನಲ್ಲಲ್ಲ, ಶಾಲೆ ಬಿಟ್ಟು ಹೋಗಿ ಸೇರುವ ಖೋಲಿಯಲ್ಲಿ. ಶಾಲೆಗೆ ಹೋಗುವ ವಯಸ್ಸೇ ಆಗಿರದ ಕೂಸಿನ ಇಡೀ ದಿನ ಅಲ್ಲೇ ಕಳೆಯುತ್ತದೆ.

2016-17ರ ಗ್ಯಾಟ್ಸ್ ಎಂಬ ದೇಶವ್ಯಾಪಿ ತಂಬಾಕು ಸಮೀಕ್ಷೆಯ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಭಾರತದ ವಯಸ್ಕರಲ್ಲಿ ಸೇದುವವರು ನೂರಕ್ಕೆ 10.7. ಮನೆಯಲ್ಲಿ ಬೇರೆಯವರ ಹೊಗೆಗೆ ಒಡ್ಡಿಕೊಳ್ಳುವವರು ನೂರಕ್ಕೆ 38.7. ಒಬ್ಬ ಹಚ್ಚಿದ್ದನ್ನು ಮೂರು ನಾಲ್ಕು ಜನ ಉಸಿರಾಡುತ್ತಿದ್ದಾರೆ. ಈ ಲೆಕ್ಕದಲ್ಲಿ ಹದಿನೈದರ ಕೆಳಗಿನವರು ಸೇರಿಯೇ ಇಲ್ಲ. ಏಳು ವರ್ಷ ಮೊದಲಿನ ಸಮೀಕ್ಷೆಯಲ್ಲಿ ಮನೆಯ ಹೊಗೆಯ ಪ್ರಮಾಣ 52.3 ಇತ್ತು ಎನ್ನುವುದು ಸಮಾಧಾನ ಕೊಡುವ ಸಂಗತಿ. ಅದು ಹೇಗೆ ಇಳಿಯಿತು ಎಂಬುದರಲ್ಲೇ ನನ್ನ ವಾದದ ತಿರುಳಿದೆ, ಅಲ್ಲಿಗೆ ಬರುತ್ತೇನೆ.

ಮುಂಬೈಯ ಗೆಳೆಯರು ಇಲ್ಲೊಂದು ಮಾತು ಎತ್ತುತ್ತಾರೆ. ಮಹಾರಾಷ್ಟ್ರದಲ್ಲಿ ಸೇದುವವರು ನೂರಕ್ಕೆ 3.8 ಮಾತ್ರ, ಕರ್ನಾಟಕದ 8.8ಕ್ಕೆ ಹೋಲಿಸಿದರೂ ಅರ್ಧಕ್ಕಿಂತ ಕಡಿಮೆ. ಇಲ್ಲಿಯ ರೋಗ ಅಗಿಯುವ ತಂಬಾಕು, ನೀವು ಹೊಗೆಯ ಹಿಂದೆ ಏಕೆ ಬಿದ್ದಿರಿ ಎಂದು. ಪರೇಲಿನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಕಾರಿಡಾರಿನಲ್ಲಿ ಬಾಯಿಗೆ ಬಟ್ಟೆ ಕಟ್ಟಿಕೊಂಡು ಕೂತವರನ್ನು ನೋಡಿದವರು ಆ ಮಾತನ್ನು ತಳ್ಳಿಹಾಕಲಾರರು. ಆದರೆ ಅಗಿಯುವವನ ತಂಬಾಕು ಅವನ ಬಾಯಲ್ಲೇ ಉಳಿಯುತ್ತದೆ. ಸೇದುವವನದು ಉಳಿಯುವುದಿಲ್ಲ, ಇಡೀ ಮನೆಯನ್ನು ತುಂಬುತ್ತದೆ. ಆ ಮನೆಯಾದರೂ ಎಷ್ಟು ದೊಡ್ಡದು? ಕೊಳಚೆ ಪುನರ್ವಸತಿಯ ಫ್ಲ್ಯಾಟುಗಳು ಮೊದಲು 225 ಚದರ ಅಡಿ ಇದ್ದವು, ಮುಂದೆ 269, ಈಗ 300. ಬಾಂದ್ರಾ ಪೂರ್ವದ ಕೊಳಚೆ ಬಸ್ತಿಗಳಾದ ಬೆಹ್ರಾಮ್‌ಪಾಡಾ, ಭಾರತ ನಗರಗಳ ಖೋಲಿಗಳು ಅದಕ್ಕಿಂತ ಚಿಕ್ಕವು. ನೂರರಲ್ಲಿ ನಾಲ್ವರೇ ಸೇದಿದರೂ ಆ ನಾಲ್ವರ ಮನೆಯ ಮಕ್ಕಳಿಗೆ ಓಡಿಹೋಗಲು ಇನ್ನೊಂದು ಕೋಣೆಯಿಲ್ಲ.

ಆ ಕೋಣೆಯಲ್ಲಿ ಏನಾಗುತ್ತದೆ? ಸೇದುವವನು ಎಳೆದು ಬಿಡುವ ಹೊಗೆಗಿಂತ ಬೆರಳ ಸಂದಿಯಲ್ಲಿ ಸುಮ್ಮನೆ ಉರಿಯುವ ತುದಿಯ ಹೊಗೆಯಲ್ಲಿ ವಿಷ ಹೆಚ್ಚು. ಅದು ಕಡಿಮೆ ಕಾವಿನಲ್ಲಿ ಅರೆಬರೆ ಸುಟ್ಟದ್ದು, ಯಾವ ಫಿಲ್ಟರನ್ನೂ ದಾಟಿ ಬಂದದ್ದಲ್ಲ. ದೊಡ್ಡವರು ನಿಮಿಷಕ್ಕೆ ಹದಿನೈದರ ಆಸುಪಾಸು ಉಸಿರಾಡಿದರೆ ಕೂಸು ಅದರ ಎರಡು ಪಟ್ಟು ಉಸಿರಾಡುತ್ತದೆ. ದೇಹದ ತೂಕಕ್ಕೆ ಲೆಕ್ಕಹಾಕಿದರೆ ಅದೇ ಕೋಣೆಯ ಅದೇ ಗಾಳಿಯಿಂದ ಕೂಸಿಗೆ ಸಲ್ಲುವ ಪಾಲು ಅಪ್ಪನದಕ್ಕಿಂತ ದೊಡ್ಡದು. ಉಬ್ಬಸ, ನ್ಯುಮೋನಿಯಾ, ಕಿವಿ ಸೋರುವುದು, ತೊಟ್ಟಿಲಲ್ಲೇ ಕಾರಣ ತಿಳಿಯದೆ ಮಗು ತೀರಿಕೊಳ್ಳುವುದು, ಇವೆಲ್ಲಕ್ಕೂ ಮನೆಯ ತಂಬಾಕು ಹೊಗೆಗೂ ಇರುವ ಸಂಬಂಧ ಬಹಳ ಹಿಂದೆಯೇ ಖಚಿತವಾಗಿದೆ. 2004ರ ಅಂಕಿಗಳನ್ನು ಆಧರಿಸಿ 2011ರಲ್ಲಿ ಪ್ರಕಟವಾದ ಜಾಗತಿಕ ಲೆಕ್ಕಾಚಾರದ ಪ್ರಕಾರ, ಪರರ ಹೊಗೆಯಿಂದ ಒಂದೇ ವರ್ಷದಲ್ಲಿ ಸತ್ತವರು ಸುಮಾರು 6 ಲಕ್ಷ. ಅದರಲ್ಲಿ 1 ಲಕ್ಷ 65 ಸಾವಿರ ಐದು ವರ್ಷದ ಕೆಳಗಿನ ಮಕ್ಕಳು, ಎದೆಯ ಸೋಂಕಿನಿಂದ. ಅವರಲ್ಲಿ ಹೆಚ್ಚಿನವರು ಆಫ್ರಿಕದವರು ಮತ್ತು ನಮ್ಮ ದಕ್ಷಿಣ ಏಷ್ಯಾದವರು.

ಇದನ್ನೆಲ್ಲ ಜಗತ್ತಿಗೆ ಮೊದಲು ಮನಗಾಣಿಸಿದ್ದು ಹೆಂಡತಿಯರ ಕಥೆ. ಜಪಾನಿನ ತಕೇಶಿ ಹಿರಾಯಾಮ ಎಂಬ ವಿಜ್ಞಾನಿ 91,540 ಮಂದಿ ಗೃಹಿಣಿಯರನ್ನು ಹದಿನಾಲ್ಕು ವರ್ಷ ಗಮನಿಸಿ 1981ರಲ್ಲಿ ವರದಿ ಬರೆದರು. ಅವರಾರೂ ಸಿಗರೇಟು ಮುಟ್ಟಿದವರಲ್ಲ. ಗಂಡ ಹೆಚ್ಚು ಸೇದಿದಷ್ಟೂ ಹೆಂಡತಿಗೆ ಶ್ವಾಸಕೋಶದ ಕ್ಯಾನ್ಸರ್ ಬರುವ ಸಂಭವ ಹೆಚ್ಚಿತ್ತು. ಸಿಗರೇಟು ಕಂಪನಿಗಳು ಆ ವರದಿಯನ್ನು ಹುಸಿಯೆಂದು ಸಾಧಿಸಲು ವರ್ಷಗಟ್ಟಲೆ ದುಡ್ಡು ಸುರಿದವು. 2006ರಲ್ಲಿ ಅಮೆರಿಕದ ಸರ್ಜನ್ ಜನರಲ್ ಕಚೇರಿ ಇಡೀ ಸಾಕ್ಷ್ಯವನ್ನು ತೂಗಿ ನೋಡಿ, ಪರರ ಹೊಗೆಯಲ್ಲಿ ಅಪಾಯವಿಲ್ಲದ ಪ್ರಮಾಣ ಎಂಬುದೇ ಇಲ್ಲ, ಗಾಳಿಯಾಡುವಿಕೆ ಹೆಚ್ಚಿಸಿಯೂ ಪ್ರಯೋಜನವಿಲ್ಲ ಎಂದಿತು. ಕಿಟಕಿಯ ಬಳಿ ನಿಂತು ಸೇದಿದರೆ ಸಾಕು, ಫ್ಯಾನು ಹಾಕಿದರೆ ಸಾಕು ಎಂಬ ನಮ್ಮ ಮನೆಮನೆಯ ಸಮಾಧಾನ ಆ ಮಾತಿನ ಮುಂದೆ ನಿಲ್ಲುವುದಿಲ್ಲ.

ಹಾಗಾದರೆ ಮನೆಯೊಳಗೆ ಸೇದುವುದನ್ನೇ ಅಪರಾಧ ಮಾಡಿಬಿಡಿ ಎನ್ನುವವರಿದ್ದಾರೆ. ಮಗುವಿನ ಹಿತಕ್ಕಾಗಿ ಕಾನೂನು ಮನೆಯೊಳಗೆ ಕಾಲಿಟ್ಟ ನಿದರ್ಶನಗಳು ನಮ್ಮಲ್ಲಿ ಇಲ್ಲದಿಲ್ಲ. ಮಗುವಿನ ಕೈಗೆ ತಂಬಾಕು ಕೊಟ್ಟವನಿಗೆ 2015ರ ಬಾಲನ್ಯಾಯ ಕಾಯ್ದೆ ಏಳು ವರ್ಷದವರೆಗೆ ಸಜೆ ಹೇಳುತ್ತದೆ. ಇಂಗ್ಲೆಂಡು 2015ರ ಅಕ್ಟೋಬರಿನಿಂದ ಮಕ್ಕಳಿರುವ ಖಾಸಗಿ ಕಾರಿನಲ್ಲಿ ಸೇದುವುದನ್ನು ನಿಷೇಧಿಸಿದೆ. ಅದನ್ನು ನಾವೂ ನಾಳೆಯೇ ತರಬಹುದು, ತರಬೇಕು. ಆದರೆ ಖೇರವಾಡಿಯ ಖೋಲಿಯ ವಿಷಯದಲ್ಲಿ ನನ್ನ ಮನಸ್ಸು ಒಪ್ಪುವುದಿಲ್ಲ. ದೂರು ಕೊಡಬೇಕಾದವಳು ಯಾರು? ಹೆಂಡತಿ. ದಂಡ ಹೋಗುವುದು ಯಾವ ದುಡ್ಡಿನಿಂದ? ಮಗುವಿನ ಹಾಲಿನ ದುಡ್ಡಿನಿಂದ. ಪೊಲೀಸು ಹೋದ ಮೇಲೆ ಆ ಬಾಗಿಲ ಹಿಂದೆ ಏನಾಗುತ್ತದೆ ಎಂಬುದನ್ನು ಊಹಿಸಲು ಹೆಚ್ಚು ಕಷ್ಟಪಡಬೇಕಿಲ್ಲ. ಇಂಥ ಕಾನೂನು ಪಾಲಿಹಿಲ್ಲಿನ ಬಂಗಲೆಯ ಬಾಗಿಲು ಬಡಿಯುವುದಿಲ್ಲ, ಬಡಿದರೆ ಬೆಹ್ರಾಮ್‌ಪಾಡಾದ ತಗಡಿನ ಬಾಗಿಲನ್ನೇ ಬಡಿಯುತ್ತದೆ.

ಮನೆಗೆ ಹೋಗುವ ದಾರಿ ಕೆಲಸದ ಜಾಗದಿಂದ ಇದೆ. ನಾನು ಭಾವುಕತೆಯಿಂದ ಹೇಳುತ್ತಿಲ್ಲ. ಗ್ಯಾಟ್ಸ್‌ನ ಮೊದಲ ಸುತ್ತಿನ, ಅಂದರೆ 2009-10ರ, ಭಾರತದ ಅಂಕಿಗಳನ್ನು ಸಂಶೋಧಕರು ಬಿಡಿಸಿ ನೋಡಿದಾಗ ಒಂದು ಸಂಗತಿ ಕಂಡಿತು. ಧೂಮಪಾನವಿಲ್ಲದ ಜಾಗದಲ್ಲಿ ದುಡಿಯುವವರಲ್ಲಿ ನೂರಕ್ಕೆ 64 ಮಂದಿಯ ಮನೆಗಳು ಹೊಗೆಮುಕ್ತವಾಗಿದ್ದವು. ಕೆಲಸದ ಜಾಗದಲ್ಲಿ ಜನ ಸೇದುವ ಕಡೆ ದುಡಿಯುವವರಲ್ಲಿ ಆ ಪ್ರಮಾಣ 42 ಮುಟ್ಟಲಿಲ್ಲ. ಇದರಿಂದಷ್ಟೇ ಕಾರಣ ಪರಿಣಾಮ ಸಿದ್ಧವಾಗುವುದಿಲ್ಲ ಎಂದು ಯಾರಾದರೂ ಹೇಳಿದರೆ ಒಪ್ಪುತ್ತೇನೆ. ಓದು, ಸಂಬಳ, ಊರು ಎಲ್ಲವೂ ಅದರಲ್ಲಿ ಬೆರೆತಿರುತ್ತವೆ, ಸಂಶೋಧಕರು ಅವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಸಂಬಂಧ ಉಳಿಯಿತು ಎಂಬುದನ್ನೂ ಸೇರಿಸುತ್ತೇನೆ. ಸ್ಕಾಟ್ಲೆಂಡಿನ ಅನುಭವ ಇದಕ್ಕೆ ಇನ್ನಷ್ಟು ಬಲ ಕೊಡುತ್ತದೆ. ಅಲ್ಲಿ 2006ರ ಮಾರ್ಚಿನಲ್ಲಿ ಹೋಟೆಲು, ಪಬ್ಬು, ಕಚೇರಿಗಳಲ್ಲಿ ಧೂಮಪಾನ ನಿಂತಿತು. ಹೊರಗೆ ತಡೆದರೆ ಗಂಡಸರು ಮನೆಯೊಳಗೆ ಹೆಚ್ಚು ಸೇದುತ್ತಾರೆ, ಮಕ್ಕಳಿಗೇ ಕೇಡು ಎಂದು ವಿರೋಧಿಗಳು ಎಚ್ಚರಿಸಿದ್ದರು. ಆದದ್ದು ತಿರುವುಮುರುವು. ಉಬ್ಬಸಕ್ಕೆ ಆಸ್ಪತ್ರೆ ಸೇರುವ ಮಕ್ಕಳ ಸಂಖ್ಯೆ ಅದುವರೆಗೆ ವರ್ಷಕ್ಕೆ ನೂರಕ್ಕೆ 5ರಂತೆ ಏರುತ್ತಿತ್ತು. ಕಾಯ್ದೆಯ ಅನಂತರ ವರ್ಷಕ್ಕೆ ನೂರಕ್ಕೆ 18ರಂತೆ ಇಳಿಯತೊಡಗಿತು. ಶಾಲೆಯ ವಯಸ್ಸಿನ ಮಕ್ಕಳಲ್ಲೂ ಅದಕ್ಕಿಂತ ಚಿಕ್ಕವರಲ್ಲೂ ಇಳಿಯಿತು. ಆ ಮಕ್ಕಳು ಪಬ್ಬಿನಲ್ಲಿ ದುಡಿಯುತ್ತಿರಲಿಲ್ಲ. ಅವರ ಅಪ್ಪಂದಿರು ಅಲ್ಲಿ ಹೊಸ ಮರ್ಯಾದೆಯೊಂದನ್ನು ಕಲಿತು ಮನೆಗೆ ಬಂದಿದ್ದರು.

ಈ ಬೆಳಕಿನಲ್ಲಿ ಬಾಂದ್ರಾವನ್ನು ನೋಡಬೇಕು. ರೈಲು ಹಳಿಯ ಪಶ್ಚಿಮಕ್ಕೆ ಲಿಂಕಿಂಗ್ ರಸ್ತೆ, ಪಾಲಿನಾಕಾ, ಕಾರ್ಟರ್ ರಸ್ತೆಗಳ ಸಾಲುಸಾಲು ಹೋಟೆಲುಗಳು. ಅವುಗಳಲ್ಲಿ ಬಡಿಸುವ, ತೊಳೆಯುವ, ಗುಡಿಸುವ ಕೈಗಳಲ್ಲಿ ಎಷ್ಟೋ ಕೈಗಳು ರಾತ್ರಿ ಹಳಿ ದಾಟಿ ಪೂರ್ವದ ಖೋಲಿಗಳಿಗೆ ಹೋಗುತ್ತವೆ. ಪಶ್ಚಿಮದ ಹೋಟೆಲಿನ ಗಾಳಿಯನ್ನು ಯಾವ ನಿಯಮ ಆಳುತ್ತದೋ ಪೂರ್ವದ ತೊಟ್ಟಿಲ ಗಾಳಿಯೂ ಅದಕ್ಕೆ ತಕ್ಕಂತೆ ಇರುತ್ತದೆ. ಆದ್ದರಿಂದ 2008ರ ನಿಯಮ ಉಳಿಸಿಕೊಂಡ ಒಂದು ಕಿಂಡಿ ನನಗೆ ಸಣ್ಣದಾಗಿ ಕಾಣುವುದಿಲ್ಲ. 30 ಅಥವಾ ಹೆಚ್ಚು ಕೋಣೆಗಳ ಹೋಟೆಲು, 30 ಅಥವಾ ಹೆಚ್ಚು ಜನ ಕೂರುವ ರೆಸ್ಟೋರೆಂಟು, ವಿಮಾನ ನಿಲ್ದಾಣ, ಇವು ಗೋಡೆ ಕಟ್ಟಿ, ತಾನಾಗಿ ಮುಚ್ಚುವ ಬಾಗಿಲಿಟ್ಟು, ಹೊಗೆಯನ್ನು ಹೊರಗೆಳೆಯುವ ಫ್ಯಾನು ಹಾಕಿ ಧೂಮಪಾನದ ಕೋಣೆ ಮಾಡಬಹುದು. ಬಾಗಿಲು ಪ್ರತಿ ಸಲ ತೆರೆದಾಗ ಹೊಗೆ ಹೊರಗೆ ಬರುತ್ತದೆ ಎಂಬುದು ಒಂದು ಮಾತು. ಆ ಕೋಣೆಯನ್ನು ಗುಡಿಸಲೇಬೇಕಾದ ಹುಡುಗನದು ಇನ್ನೊಂದು ಮಾತು. 2017ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಆ ಕೋಣೆಯಲ್ಲಿ ಯಾವ ಸೇವೆಯನ್ನೂ ಕೊಡಕೂಡದು ಎಂದು ತಿದ್ದುಪಡಿ ಮಾಡಿತು. ಆದರೆ ಸಿಗರೇಟಿನ ತುಂಡುಗಳು ತಾವಾಗಿ ಎದ್ದು ಹೋಗುವುದಿಲ್ಲ.

ಹುಕ್ಕಾದ ಇತಿಹಾಸ ನೋಡಿದರೆ ಇಂಥ ಕಿಂಡಿಯಲ್ಲಿ ಎಷ್ಟು ನುಸುಳಬಹುದು ಎಂಬುದು ತಿಳಿಯುತ್ತದೆ. 2011ರಲ್ಲಿ ಮುಂಬೈ ಮಹಾನಗರಪಾಲಿಕೆ ಹೋಟೆಲು ಪರವಾನಗಿಗೆ ಹುಕ್ಕಾ ಕೊಡಬಾರದೆಂಬ ಷರತ್ತು ಹಾಕಿತು, ಬಾಂಬೆ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. 2014ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ಷರತ್ತನ್ನು ಬದಿಗೆ ಸರಿಸಿತು: ಧೂಮಪಾನದ ಕೋಣೆಗೆ ಕಾನೂನೇ ಅವಕಾಶ ಕೊಟ್ಟಿರುವಾಗ ಅಲ್ಲಿ ಹುಕ್ಕಾ ಮಾತ್ರ ಹೇಗೆ ತಪ್ಪಾಗುತ್ತದೆ? ತರ್ಕ ಸರಿಯಾಗಿಯೇ ಇತ್ತು, ತಪ್ಪಿದ್ದದ್ದು ನಿಯಮದಲ್ಲಿ. 2017ರ ಡಿಸೆಂಬರ್ 29ರ ನಡುರಾತ್ರಿ ಲೋವರ್ ಪರೇಲಿನ ಕಮಲಾ ಮಿಲ್ಸ್ ಆವರಣದ ಎರಡು ಪಬ್ಬುಗಳಲ್ಲಿ ಬೆಂಕಿ ಎದ್ದು 14 ಮಂದಿ ತೀರಿಕೊಂಡರು, ತನಿಖೆ ಹುಕ್ಕಾದ ಕೆಂಡದ ಕಡೆ ಬೆರಳು ತೋರಿಸಿತು. ಆಮೇಲೆ 2018ರಲ್ಲಿ ಮಹಾರಾಷ್ಟ್ರ ಕೋಟ್ಪಾಕ್ಕೆ ತಿದ್ದುಪಡಿ ತಂದು ಹುಕ್ಕಾ ಪಾರ್ಲರುಗಳನ್ನೇ ನಿಷೇಧಿಸಿತು. 2023ರ ಏಪ್ರಿಲಿನಲ್ಲಿ ಬಾಂಬೆ ಹೈಕೋರ್ಟು, ಊಟ ತಿಂಡಿಯ ಪರವಾನಗಿಯೊಳಗೆ ಹುಕ್ಕಾ ತಾನಾಗಿ ಸೇರಿಬಿಡುವುದಿಲ್ಲ ಎಂದು ಹೇಳುವಾಗ ಮಕ್ಕಳು, ಹೆಂಗಸರು, ವೃದ್ಧರು ಬರುವ ಜಾಗವದು ಎಂಬುದನ್ನು ನೆನಪಿಸಿತು. ಇಷ್ಟು ವರ್ಷಗಳ ವ್ಯಾಜ್ಯದಲ್ಲಿ ಮಗುವನ್ನು ಕೇಂದ್ರದಲ್ಲಿಟ್ಟು ನೋಡಿದ ಆ ಮಾತು ನನಗೆ ದೊಡ್ಡದು. 2021ರ ಹೊತ್ತಿಗೆ ಕೇಂದ್ರವೇ ಜನರ ಮುಂದಿಟ್ಟ ಕರಡು ಮಸೂದೆಯಲ್ಲಿ ಧೂಮಪಾನದ ಕೋಣೆಗಳನ್ನು ತೆಗೆದುಹಾಕುವ ಪ್ರಸ್ತಾಪವಿತ್ತು. ಅದು ಕಾಯ್ದೆಯಾಗಲಿಲ್ಲ. 2025ರಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿ ತಂಬಾಕು ಕೊಳ್ಳುವ ವಯಸ್ಸನ್ನು 21ಕ್ಕೆ, ದಂಡವನ್ನು 200ರಿಂದ 1,000 ರೂಪಾಯಿಗೆ ಏರಿಸಿತು, ಹುಕ್ಕಾ ಬಾರುಗಳನ್ನು ಮುಚ್ಚಿಸಿತು. ಆದರೆ ದೊಡ್ಡ ಹೋಟೆಲಿನ ಆ ಕೋಣೆಯನ್ನು ಮುಟ್ಟಲಿಲ್ಲ. ಬೆಂಗಳೂರೂ ಮುಂಬೈಯೂ ಈ ವಿಷಯದಲ್ಲಿ ಒಂದೇ ಹೆಜ್ಜೆ ಬಾಕಿ ಉಳಿಸಿಕೊಂಡಿವೆ.

ಬೀಡಿ ಸಿಗರೇಟುಗಳನ್ನು ಬಿಡಿಯಾಗಿ ಮಾರುವುದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಟಪರಿಯ ಕಂಬಕ್ಕೆ ಕಟ್ಟಿದ ನಾರಿನ ಹಗ್ಗದ ತುದಿಯಲ್ಲಿ ಕೆಂಡ, ಪಕ್ಕದಲ್ಲಿ ಒಡೆದ ಪೊಟ್ಟಣ. ಒಂದೇ ಒಂದು ಕೊಳ್ಳುವವನ ಕೈಗೆ ಪೊಟ್ಟಣ ಬರುವುದಿಲ್ಲ. 2016ರಿಂದ ಪೊಟ್ಟಣದ ನೂರಕ್ಕೆ 85 ಭಾಗ ಆವರಿಸಿರುವ ಚಿತ್ರವನ್ನು ಅವನು ನೋಡುವುದಿಲ್ಲ, 2018ರಿಂದ ಅದರ ಮೇಲೆ ಅಚ್ಚಾಗುತ್ತಿರುವ, ಬಿಡಲು ನೆರವಾಗುವ 1800-11-2356 ಎಂಬ ಸಂಖ್ಯೆಯನ್ನೂ ನೋಡುವುದಿಲ್ಲ. ಮಹಾರಾಷ್ಟ್ರ 2020ರ ಸೆಪ್ಟೆಂಬರಿನಲ್ಲೇ ಬಿಡಿ ಮಾರಾಟವನ್ನು ನಿಷೇಧಿಸಿತು. ಬಾಂದ್ರಾ ಸ್ಟೇಷನ್ನಿನ ಹೊರಗೆ ಹತ್ತು ನಿಮಿಷ ನಿಂತವರಿಗೆ ಆ ಆದೇಶದ ಗತಿ ತಿಳಿಯುತ್ತದೆ.

ಬೆಲೆಯ ಪ್ರಶ್ನೆ ಇದಕ್ಕಿಂತ ಕಠಿಣ, ಅದು ನಮ್ಮ ನಾಡಿನ ಹೊಟ್ಟೆಪಾಡನ್ನು ಮುಟ್ಟುತ್ತದೆ. 2025ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಮಂಡಳಿ ಸಿಗರೇಟನ್ನು ನೂರಕ್ಕೆ 40ರ ಹಂತಕ್ಕೆ ಏರಿಸಲು ತೀರ್ಮಾನಿಸಿದ ಸಭೆಯಲ್ಲೇ ಬೀಡಿಯ ತೆರಿಗೆಯನ್ನು 28ರಿಂದ 18ಕ್ಕೆ ಇಳಿಸಲು ತೀರ್ಮಾನಿಸಿತು. ಬಡವರ ವಸ್ತು, ಬಡವರ ಕಸುಬು ಎಂಬುದು ಅದರ ಹಿಂದಿನ ವಿಚಾರ. ನಾನು ಆ ಕಸುಬನ್ನು ಹತ್ತಿರದಿಂದ ಕಂಡವನು. ದಕ್ಷಿಣ ಕನ್ನಡ, ಉಡುಪಿಯ ಸಾವಿರಾರು ಮನೆಗಳಲ್ಲಿ ಹೆಂಗಸರು ಮಡಿಲಲ್ಲಿ ಗೆರಸೆ ಇಟ್ಟುಕೊಂಡು ಬೀಡಿ ಕಟ್ಟಿ, ವಾರಕ್ಕೊಮ್ಮೆ ಬೀಡಿ ಕಂಪನಿಯ ಬ್ರಾಂಚಿಗೆ ಕೊಟ್ಟು ಬಂದ ದುಡ್ಡಿನಲ್ಲಿ ಮಕ್ಕಳನ್ನು ಓದಿಸಿದ್ದಾರೆ. ಬೆಳಗಾವಿ ಜಿಲ್ಲೆಯ ನಿಪ್ಪಾಣಿ ತಂಬಾಕಿನ ಮೇಲೆ ನಿಂತ ಊರು. 1981ರಲ್ಲಿ ಅಲ್ಲಿಯ ರೈತರು ನ್ಯಾಯವಾದ ಬೆಲೆಗಾಗಿ ಹೆದ್ದಾರಿಯಲ್ಲಿ ಕೂತು ಗೋಲಿಬಾರಿನಲ್ಲಿ ಜೀವ ಕಳೆದುಕೊಂಡರು. ಇವರನ್ನೆಲ್ಲ ಮರೆತು ಬೀಡಿಯ ಬೆಲೆ ಏರಿಸಿ ಎನ್ನುವುದು ನನಗೆ ಸಾಧ್ಯವಿಲ್ಲ.

ಆದರೂ ಏರಿಸಿ ಎನ್ನುತ್ತೇನೆ. ಏಕೆಂದರೆ ಅಗ್ಗದ ಬೀಡಿಯಿಂದ ಬೀಡಿ ಕಟ್ಟುವವಳ ಕೂಲಿ ಏರಿದ್ದನ್ನು ನಾನು ಕಂಡಿಲ್ಲ. 1976ರ ಕಾಯ್ದೆಯೊಂದು ಬೀಡಿಯ ಮೇಲೆ ಸೆಸ್ ಹಾಕಿ, ಆ ದುಡ್ಡಿನಿಂದ ಕಾರ್ಮಿಕರ ಆಸ್ಪತ್ರೆ, ಮಕ್ಕಳ ವಿದ್ಯಾರ್ಥಿವೇತನ, ಮನೆ ಕಟ್ಟುವ ನೆರವು ನಡೆಸುತ್ತಿತ್ತು. 2017ರಲ್ಲಿ ಜಿಎಸ್‌ಟಿ ಬಂದಾಗ ಆ ಸೆಸ್ಸೇ ಹೋಯಿತು. ಈಗ ಇಳಿಸಿದ ತೆರಿಗೆಯನ್ನು ಮತ್ತೆ ಏರಿಸಿ, ಏರಿದ ಭಾಗವನ್ನು ಹೆಸರು ಬರೆದು ಆ ಹೆಂಗಸರ ಬೇರೆ ಕಸುಬಿಗೆ, ಅವರ ಪಿಂಚಣಿಗೆ ಮೀಸಲಿಡಬೇಕು. ಬೀಡಿ ಬಡವನ ವಸ್ತು ಎಂಬುದು ನಿಜವಾದರೆ ಅದರ ಹೊಗೆ ಬಡವನ ಮಗುವಿನದು ಎಂಬುದೂ ನಿಜ. ತೂಬರೆ ಎಲೆಯ ಬೀಡಿ ಬೇಗ ಆರುತ್ತದೆ, ಆರದಿರಲಿ ಎಂದು ಮತ್ತೆ ಮತ್ತೆ ಎಳೆಯಬೇಕು. ಸಿಗರೇಟಿಗಿಂತ ಗಿಡ್ಡ, ಆದ್ದರಿಂದ ಸಿಗರೇಟಿಗಿಂತ ಮೃದು ಎಂಬ ನಂಬಿಕೆಗೆ ಆಧಾರವಿಲ್ಲ.

ಸೇದುವ ಅಪ್ಪನನ್ನು ಖಳನನ್ನಾಗಿ ಕಾಣುವುದರಿಂದಲೂ ಏನೂ ಆಗದು. ಅದೇ 2016-17ರ ಸಮೀಕ್ಷೆಯಲ್ಲಿ ಸೇದುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ, ನೂರಕ್ಕೆ 55ರಷ್ಟು, ಬಿಡುವ ಯೋಚನೆಯಲ್ಲಿದ್ದರು. ಬಿಡಲು ಕೈ ಹಿಡಿಯುವವರು ಬೇಕು. ಪೊಟ್ಟಣದ ಮೇಲಿನ ಸಂಖ್ಯೆಗೆ ಉತ್ತರಿಸುವ ಕೇಂದ್ರಗಳಲ್ಲಿ ಮುಂಬೈಯ ಟಾಟಾ ಮೆಮೋರಿಯಲ್ ಕೂಡ ಒಂದು, ಬೆಂಗಳೂರಿನ ನಿಮ್ಹಾನ್ಸ್ ಕೂಡ ಒಂದು. ಬಾಂದ್ರಾದಲ್ಲಿ ಕೂತ ಕನ್ನಡಿಗ ತನ್ನ ಮಾತಿನಲ್ಲೇ ಕಷ್ಟ ಹೇಳಿಕೊಳ್ಳಬಹುದು. ಎಷ್ಟು ಜನಕ್ಕೆ ಇದು ಗೊತ್ತು? ಬಾಂದ್ರಾ ಪಶ್ಚಿಮದಲ್ಲಿ ಪಾಲಿಕೆಯ ಭಾಭಾ ಆಸ್ಪತ್ರೆ ಇದೆ. ಇಂಥ ಪ್ರತಿಯೊಂದು ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ, ಕೆಮ್ಮಿನ ಮಗು ಬಂದಾಗಲೆಲ್ಲ, ಮನೆಯಲ್ಲಿ ಯಾರು ಸೇದುತ್ತಾರೆ ಎಂಬ ಪ್ರಶ್ನೆ ಕೇಸ್ ಪೇಪರಿನಲ್ಲೇ ಅಚ್ಚಾಗಿರಬೇಕು. ಉತ್ತರ ಬಂದರೆ ಅಪ್ಪನಿಗೆ ಒಂದು ಚೀಟಿ ಹೋಗಬೇಕು. ಪಾಲಿಕೆ 2022ರಿಂದ ತೆರೆಯುತ್ತಿರುವ ಆಪಲಾ ದವಾಖಾನಾ ಎಂಬ ಚಿಕಿತ್ಸಾಲಯಗಳು ಸಂಜೆಯೂ ನಡೆಯುತ್ತವೆ, ದುಡಿದು ಬಂದವನು ಹೋಗಬಹುದಾದ ಹೊತ್ತು ಅದು. ಅಲ್ಲಿ ನಿಕೋಟಿನ್ ಗಮ್ಮು ಬಿಟ್ಟಿ ಸಿಗಬೇಕು, ಎರಡು ಮಾತಾಡಲು ಒಬ್ಬರು ಕೂತಿರಬೇಕು.

ಇನ್ನೊಂದು ಕೆಲಸ ಬಾಂದ್ರಾದಿಂದಲೇ ಶುರುವಾಗಬಹುದು. ಇಡೀ ಮುಂಬೈಯ ಬಡವರ ಮನೆಗಳನ್ನು ಹಂಚುವ ಮ್ಹಾಡಾದ ಕಚೇರಿ ಕಲಾನಗರದಲ್ಲಿದೆ, ಕೊಳಚೆ ಪುನರ್ವಸತಿ ಪ್ರಾಧಿಕಾರದ ಕಚೇರಿಯೂ ಬಾಂದ್ರಾ ಪೂರ್ವದಲ್ಲೇ ಇದೆ. ಸರ್ಕಾರಿ ನೌಕರರ ದೊಡ್ಡ ಕಾಲೊನಿಯೂ ಅಲ್ಲೇ. ಅಮೆರಿಕ 2018ರ ಜುಲೈ ಕೊನೆಯಿಂದ ತನ್ನ ಸಾರ್ವಜನಿಕ ವಸತಿಗಳೊಳಗೆ, ಮನೆಗಳನ್ನೂ ಸೇರಿಸಿ, ಸೇದುವುದನ್ನು ನಿಲ್ಲಿಸಿತು. ಅದನ್ನು ಹಾಗೆಯೇ ಇಲ್ಲಿಗೆ ತರಬಾರದು. ಒಂದು ಬೀಡಿಗಾಗಿ ಈ ನಗರದಲ್ಲಿ ಸಂಸಾರವೊಂದು ಸೂರು ಕಳೆದುಕೊಳ್ಳುವುದನ್ನು ನಾನು ಬಯಸಲಾರೆ. ಆದರೆ ಮೆಟ್ಟಿಲು, ಲಿಫ್ಟು, ಕತ್ತಲ ಕಾರಿಡಾರು, ಅಡುಗೆಮನೆಗಳೆಲ್ಲ ತೆರೆದುಕೊಳ್ಳುವ ನಡುವಿನ ಬಾವಿಯಂಥ ಜಾಗ, ಇವು ಯಾರೊಬ್ಬರ ಮನೆಯೂ ಅಲ್ಲ. ಮಕ್ಕಳು ಆಡುವುದೇ ಅಲ್ಲಿ. ಇವು ಹೊಗೆಮುಕ್ತ ಎಂದು ಹಂಚಿಕೆಯ ಪತ್ರದಲ್ಲಿ, ಸೊಸೈಟಿಯ ಉಪವಿಧಿಯಲ್ಲಿ ಒಂದು ಸಾಲು ಬರೆಯಲು ಸಂಸತ್ತಿನ ಅಪ್ಪಣೆ ಬೇಕಾಗಿಲ್ಲ.

ಖೇರವಾಡಿಯ ಆ ಮನೆಗೆ ನಾನು 2009ರಲ್ಲಿ ಮತ್ತೆ ಹೋದೆ. ಅಪ್ಪ ಬಂದಿರಲಿಲ್ಲ. ಕಿಟಕಿಯ ಸರಳಿನ ಮೇಲೆ ಸುಟ್ಟ ಕಲೆಗಳು ಹಾಗೇ ಇದ್ದವು, ಆದರೆ ಅವರು ಬಾಯಲ್ಲಿ ಲವಂಗ ಇಟ್ಟುಕೊಂಡು ಕೂತಿದ್ದರು. ಬಿಟ್ಟಿರಾ ಎಂದು ಕೇಳಿದೆ. "ಪೂರ್ತಿ ಬಿಟ್ಟಿಲ್ಲ. ಕೆಳಗೆ ರಸ್ತೆಗೆ ಹೋಗಿ ಸೇದಿ ಬರ್ತೇನೆ" ಎಂದರು. ಹೋಟೆಲಿನಲ್ಲಿ ಧಣಿಗಳು ಬೋರ್ಡು ಹಾಕಿದ ಮೇಲೆ ಗಲ್ಲೆಯ ಮೇಲೆ ಎಂಟು ಗಂಟೆ ಸೇದದೆ ಕೂರುವ ಅಭ್ಯಾಸವಾಯಿತಂತೆ. ಒಂದು ರಾತ್ರಿ ಮಗಳ ಎದೆ ಮತ್ತೆ ಕಟ್ಟಿದಾಗ ಹೆಂಡತಿ ಕೇಳಿದರಂತೆ: "ಅಲ್ಲಿ ಗಿರಾಕಿಗಳ ಎದುರು ತಡಕೊಳ್ಳಲಿಕ್ಕೆ ಆಗ್ತದೆ, ಇಲ್ಲಿ ಇವಳ ಎದುರು ಆಗುದಿಲ್ವಾ?" ಅವರು ಇದನ್ನು ಹೇಳುವಾಗ ಮಗಳು ಅದೇ ಕಿಟಕಿಯ ಕೆಳಗೆ ಕೂತು ಪಾಟಿಯ ಮೇಲೆ ಕನ್ನಡ ಅಕ್ಷರ ತಿದ್ದುತ್ತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಅವರು ಜೇಬು ಮುಟ್ಟಿ ನೋಡಿಕೊಂಡು, ಚಪ್ಪಲಿ ಮೆಟ್ಟಿ, ಮೂರು ಮಾಳಿಗೆ ಇಳಿದು ಹೋದರು.